ಮುಚ್ಚಳ ನಡುಗುವ ವೇಗ

ಜನವರಿ 9

ಪ್ರೀತಿಯ ಅಣ್ಣ,

ಬೆಳಗಿನ ಜಾವ ಮೂರೂಮುಕ್ಕಾಲು. ನನ್ನನ್ನು ಎಬ್ಬಿಸಿದ್ದು ನಮ್ಮ ಪಿಕಪ್ ಗಾಡಿಯ ಸದ್ದು. ನಾವು ಮಲಗುವ ಕೋಣೆಯ ಸರಿಯಾಗಿ ಕೆಳಗೇ ಅದರ ಶೆಡ್ಡು ಅಂತ ನಿನಗೆ ಗೊತ್ತಲ್ಲ. ಬೇಕರಿಯಿಂದ ಬ್ರೆಡ್ ಎತ್ತಿ ಅಂಗಡಿ ಅಂಗಡಿಗೆ ಹಾಕಲು ಇವರು ಹೊರಡುವುದು ಇದೇ ಹೊತ್ತಿಗೆ. ಕೀಲಿ ತಿರುಗಿಸಿದ್ದೇ ತಡ, ಗಾಡಿ ಒಂದೆರಡು ಸಲ ಕೆಮ್ಮಿ, ತಗಡಿನ ಮೇಲೆ ಯಾರೋ ಬುಟ್ಟಿಗಟ್ಟಲೆ ಜಲ್ಲಿ ಸುರಿದ ಹಾಗೆ ಚಟಪಟ ಅರಚಿಕೊಂಡಿತು. ಹೊರಕೋಣೆಯಲ್ಲಿ ಅತ್ತೆ ಎದ್ದು ಕೂತರು. ಬೀದಿನಾಯಿಗಳು ಶುರು ಹಚ್ಚಿಕೊಂಡವು. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಕಿಟಕಿ ತೆಗೆದರು.

"ಏನ್ರೀ, ಬ್ರೆಡ್ ಸಾಗಿಸ್ತೀರೋ, ಬಂಡೆ ಒಡೀತೀರೋ?"

"ಇನ್ನೊಂದು ವಾರ ಸಾರ್, ಸರಿ ಮಾಡಿಸ್ತೀನಿ."

"ನಿಮ್ಮ ಆ ವಾರ ಹುಟ್ಟಿ, ಬೆಳೆದು, ಈಗ ಸ್ಕೂಲಿಗೆ ಹೋಗ್ತಿದೆ ಕಣ್ರೀ!"

ಎಚ್ಚರವಾಗದೆ ಉಳಿದವನು ಒಬ್ಬನೇ, ನನ್ನ ಪಕ್ಕದಲ್ಲಿದ್ದ ಗುಂಡ. ಕೆನ್ನೆಯ ಕೆಳಗೆ ಕೈ, ಬಾಯಿ ಅರೆ ತೆರೆದು, ಮುಖದ ಒಂದು ಗೆರೆಯೂ ಅಲುಗದೆ ಮಲಗಿದ್ದ. ಕಿಟಕಿಯ ಗಾಜು ಗಿಲಗುಟ್ಟುತ್ತಿತ್ತು. ನಾನು ಬಗ್ಗಿ ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರು ಬೆಚ್ಚಗೆ ಬರುತ್ತಿತ್ತು. "ಪುಣ್ಯ ಮಾಡಿದ್ದೀಯ ಕಣೇ, ಇಂಥ ನಿದ್ದೆಯ ಮಗು ಯಾರಿಗೆ ಸಿಗುತ್ತೆ" ಅಂತ ಅತ್ತೆ ಎಲ್ಲರಿಗೂ ಹೇಳಿಕೊಂಡು ಬರುತ್ತಾರೆ. ನಾನೂ ಹೂಂಗುಟ್ಟುತ್ತೇನೆ. ಒಂಬತ್ತು ತಿಂಗಳ ಮಕ್ಕಳು ಹೀಗೆಯೇ ಮಲಗುತ್ತವೇನೋ. ನನಗಂತೂ ಆಮೇಲೆ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ಗಾಡಿ ಸದ್ದು ಮಾತ್ರ ಮಾಡುತ್ತಿಲ್ಲ, ಎಳೆಯುತ್ತಲೂ ಇಲ್ಲ. ಸೇತುವೆ ಏರುವಾಗ ಕಪ್ಪು ಹೊಗೆ ಉಗುಳುತ್ತದಂತೆ, ಹಿಂದಿನವರು ಹಾರ್ನ್ ಒತ್ತಿ ಒತ್ತಿ ಬೈಯುತ್ತಾರಂತೆ. ಇಪ್ಪತ್ತು ವರ್ಷ ದಾಟಿದ ಗಾಡಿ. ಮಾರಿ ಅಂದರೆ ಇವರು ಎದ್ದು ಹೊರಗೆ ಹೋಗುತ್ತಾರೆ. ನೀನು ಹಡಗಿನ ಎಂಜಿನ್ನನ್ನೇ ಕೈಯಲ್ಲಿ ಆಡಿಸುವವನು, ಇದಕ್ಕೊಂದು ದಾರಿ ಹೇಳು. ಒಂದು ಫೋನ್ ಮಾಡಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ನೀನು ಮಾಡುವವನಲ್ಲ.

ನಿನ್ನ ಕುಳ್ಳಿ


ಜನವರಿ 14
ಹಡಗಿನಿಂದ

ಪ್ರೀತಿಯ ಕುಳ್ಳಿ,

ನಿಮ್ಮ ಮೇಷ್ಟ್ರ ಮಾತು ಓದಿ ನಕ್ಕು ನಕ್ಕು, ಪಕ್ಕದಲ್ಲಿದ್ದ ಆಯಿಲ್‌ಮ್ಯಾನ್ ನನಗೇನೋ ಆಗಿದೆ ಅಂದುಕೊಂಡ. ಅವರಿಗೆ ನನ್ನ ನಮಸ್ಕಾರ ತಿಳಿಸು.

ಈಗ ಗಾಡಿ. ಭಾವನಿಗೆ ಓದಿ ಹೇಳು. ಸದ್ದು ಬಂತು ಅಂತ ನೇರ ಸೈಲೆನ್ಸರ್ ಅಂಗಡಿಗೆ ಓಡಬೇಡ. ಎಂಜಿನ್ ಅಂದರೆ ಉಸಿರಾಡುವ ಜಂತು. ಮೂಗು ಕಟ್ಟಿದವನಿಗೆ ಓಡು ಅಂದರೆ ಹೇಗೆ ಓಡುತ್ತಾನೆ? ಮೊದಲು ಗಾಳಿ ಎಳೆಯುವ ಫಿಲ್ಟರ್ ಬಿಚ್ಚಿ ನೋಡಿ. ಆಮೇಲೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ಪಂಪ್ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ. ಕಪ್ಪು ಹೊಗೆ ಅಂದರೆ ಒಳಗೆ ಹೋದ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಂತ ಅರ್ಥ. ವಾಲ್ವ್ ಒತ್ತುವ ಟ್ಯಾಪೆಟ್ ಸಡಿಲವಾಗಿದ್ದರೆ ಬಿಗಿ ಮಾಡಿಸಿ. ಕೊನೆಗೆ ಸೈಲೆನ್ಸರ್. ಅದನ್ನು ಬೆರಳಿನ ಗಂಟಿನಿಂದ ತಟ್ಟಿ. ಒಳಗೆ ಗಲಗಲ ಅಂದರೆ ತಡೆ ತಗಡುಗಳು ತುಕ್ಕು ಹಿಡಿದು ಕಳಚಿ ಬಿದ್ದಿವೆ. ಅವೇ ಹೊಗೆಯ ದಾರಿಗೆ ಅಡ್ಡ ಕೂತು ಶಕ್ತಿಯನ್ನೂ ತಿನ್ನುತ್ತವೆ, ಅರಚುವುದೂ ಅವೇ.

ಗುಂಡೂರಾಯರು ಎಂಜಿನ್ ತಲೆಯ ಮೇಲೇ ಗೊರಕೆ ಹೊಡೆಯುತ್ತಾರೆ ಅಂದರೆ ಅವರು ಪಕ್ಕಾ ನಮ್ಮ ಕಡೆಯವರು. ಈಗಲೇ ಹಡಗಿಗೆ ಹೆಸರು ಬರೆಸು.

ಫೋನಿನ ಮಾತು ಎತ್ತಬೇಡ. ನಡುಸಮುದ್ರದಲ್ಲಿ ಅರ್ಧ ಮಾತು ಮೀನುಗಳ ಪಾಲು. ಹೀಗೆ ಇಮೇಲಿನಲ್ಲಿ ಬರೆದರೆ ಪೂರ್ತಿ ತಲುಪುತ್ತದೆ.

ಅಣ್ಣ


ಜನವರಿ 27

ಪ್ರೀತಿಯ ಅಣ್ಣ,

ನೀನು ಹೇಳಿದ ಸಾಲಿನಲ್ಲೇ ಒಂದೊಂದಾಗಿ ಬಿಚ್ಚಿದೆವು. "ಬಿಚ್ಚಿದೆವು" ಅನ್ನುವುದು ನನ್ನ ಗತ್ತು. ನಾನು ಟಾರ್ಚ್ ಹಿಡಿದು ನಿಂತಿದ್ದೆ ಅಷ್ಟೇ.

ಫಿಲ್ಟರ್ ತೆಗೆದಾಗ ಇವರೂ ನಾನೂ ಮುಖ ಮುಖ ನೋಡಿಕೊಂಡೆವು. ಒಳಗಿದ್ದದ್ದು ಧೂಳಲ್ಲ, ಹಿಟ್ಟು! ಬೇಕರಿಯ ಹಿಂಬಾಗಿಲಲ್ಲಿ ಗಾಡಿ ನಿಲ್ಲಿಸಿ ನಿಲ್ಲಿಸಿ ಮೈದಾ ಒಳಗೆ ಸೇರಿ, ಎಣ್ಣೆಗೆ ಕಲಸಿಕೊಂಡು, ಎಂಜಿನ್ ಬಿಸಿಗೆ ಬೆಂದು ಗಟ್ಟಿಯಾಗಿದೆ. ಅತ್ತೆ ಬಂದು ನೋಡಿ, "ಅಯ್ಯೋ ಪಾಪ, ಇದರ ಹೊಟ್ಟೆಯಲ್ಲೇ ಒಂದು ಬ್ರೆಡ್ ಆಗ್ತಿತ್ತಲ್ಲೋ" ಅಂದರು.

ಪಂಪ್ ಅಂಗಡಿಗೂ ಹೋಗಿದ್ದೆ. ನಾಝಲ್‌ಗಳನ್ನು ಯಂತ್ರಕ್ಕೆ ಸಿಕ್ಕಿಸಿ ಅವರು ಸನ್ನೆಕೋಲು ಒತ್ತಿದಾಗ, ಕೆಟ್ಟಿದ್ದ ನಾಝಲ್ ಮೂಗಿನ ನೆಗಡಿಯ ಹಾಗೆ ತೊಟ್ಟಿಕ್ಕಿತು. ಅದರ ತುದಿ ಬದಲಿಸಿ ಮತ್ತೆ ಒತ್ತಿದರು. ಅಣ್ಣ, ಅದನ್ನು ಡೀಸೆಲ್ ಅನ್ನಲು ಬಾಯಿ ಬರುವುದಿಲ್ಲ. ಮಂಜು! ಕಣ್ಣಿಗೆ ಕಂಡೂ ಕಾಣದ ಹಾಗೆ, ಚಳಿಗೆ ಬಾಯಿಂದ ಬಿಡುವ ಉಸಿರಿನ ಹಾಗೆ ಅರಳಿ ಮಾಯವಾಯಿತು. ನಮ್ಮ ಗಾಡಿ ಇಪ್ಪತ್ತು ವರ್ಷ ಈ ಮಂಜನ್ನು ಕುಡಿದು ಬ್ರೆಡ್ ಹೊತ್ತಿದೆಯಲ್ಲ ಅನ್ನಿಸಿ ನಾನು ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ಇನ್ನೊಂದು ಸಲ ಒತ್ತಿ ಅಂತ ಕೇಳಿದೆ. ಒತ್ತಿದರು. ಕಾಸು ಕೇಳಲಿಲ್ಲ.

ಈಗ ಸೇತುವೆಯನ್ನು ಮೂರನೇ ಗೇರಿನಲ್ಲಿ ಏರುತ್ತದಂತೆ. ಇವರು ಮನೆಗೆ ಬಂದವರೇ ಚಪ್ಪಲಿ ಬಿಡುವ ಮುಂಚೆ ಹೇಳಿದ್ದು ಅದನ್ನೇ. ಉಳಿದಿರುವುದು ಸೈಲೆನ್ಸರ್. ತಟ್ಟಿದರೆ ನೀನು ಹೇಳಿದ ಹಾಗೇ ಗಲಗಲ.

ಮೊನ್ನೆ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಗಳ ಅಟ್ಟಿ ನನ್ನ ಕೈಜಾರಿ ಬಿತ್ತು. ಎದುರುಮನೆಯವರೆಗೂ ಕೇಳಿಸಿರಬೇಕು. ಗುಂಡ ನನಗೆ ಬೆನ್ನು ಹಾಕಿ ನೆಲದ ಮೇಲೆ ದಿಂಬಿಗೆ ಒರಗಿ ಕೂತು ಚಮಚ ಚೀಪುತ್ತಿದ್ದ. ಚೀಪುತ್ತಲೇ ಇದ್ದ. ಅವನ ಗಮನ ಚಮಚದ ಮೇಲಿತ್ತು ಅನ್ನಿಸುತ್ತದೆ. ಮಕ್ಕಳು ಆಟದಲ್ಲಿ ಮುಳುಗಿದರೆ ಹಾಗೇ ಅಲ್ಲವಾ? ಮನೆಯಲ್ಲಿ ಯಾರಿಗೂ ಇದನ್ನು ಹೇಳಿಲ್ಲ. ಹೇಳುವಂಥದ್ದೇನೂ ಇಲ್ಲ.

ಸೈಲೆನ್ಸರ್ ಯಾವ ಥರದ್ದು ಹಾಕಿಸಬೇಕು, ಬೇಗ ಬರಿ.

ನಿನ್ನ ಕುಳ್ಳಿ


ಫೆಬ್ರವರಿ 2
ಹಡಗಿನಿಂದ

ಕುಳ್ಳಿ,

ಸೈಲೆನ್ಸರ್: ಒಳಗಿನ ಕೊಳವೆ ಹಳೆಯದಕ್ಕಿಂತ ಒಂದು ಅಳತೆ ದಪ್ಪ ಇರಲಿ, ಹೊಗೆ ಸರಾಗ ಹೋಗುತ್ತದೆ, ಗಾಡಿಗೆ ಎಳೆತ ಬರುತ್ತದೆ. ಪೆಟ್ಟಿಗೆ ತೀರಾ ದೊಡ್ಡದೂ ಬೇಡ, ಕೊಳವೆ ತೀರಾ ಉದ್ದವೂ ಬೇಡ. ಪೆಟ್ಟಿಗೆ ದೊಡ್ಡದಾದಷ್ಟೂ ದನಿ ಕೆಳಗಿಳಿಯುತ್ತದೆ, ಹಂಡೆ ಬಡಿದದ್ದಕ್ಕೂ ಲೋಟ ಬಡಿದದ್ದಕ್ಕೂ ಇರುವ ವ್ಯತ್ಯಾಸ. ಕೇಳಲು ಗಂಭೀರ, ಆದರೆ ನಮಗೆ ಬೇಕಾದ್ದು ಸೇತುವೆ ಏರುವುದು.

ಇನ್ನೊಂದು. ತಟ್ಟೆಗಳು ಬಿದ್ದಾಗ ಅವನ ಹೆಗಲು ಬೆಚ್ಚಿತಾ? ನಿನ್ನ ಪತ್ರದಲ್ಲಿ ಅದಿಲ್ಲ. ಗಮನ ಎಲ್ಲೇ ಇರಲಿ, ಮೈ ಸುಮ್ಮನಿರುವುದಿಲ್ಲ. ಕಿವಿಯ ಡಾಕ್ಟರಿಗೆ ತೋರಿಸು. ಮುಂದಿನ ತಿಂಗಳು ಅನ್ನಬೇಡ. ಭಾವನಿಗೆ ಹೇಳು. ನಾನು ಸುಮ್ಮಸುಮ್ಮನೆ ಹೆದರಿಸುವವನಲ್ಲ, ನಿನಗೆ ಗೊತ್ತು.

ಅಣ್ಣ


ಫೆಬ್ರವರಿ 20

ಪ್ರೀತಿಯ ಅಣ್ಣ,

ಇಷ್ಟು ದಿನ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀಯ. ಬೈ. ಇವತ್ತು ಏನು ಬೈದರೂ ನನಗೆ ನಾಟುವುದಿಲ್ಲ.

ಬೆಚ್ಚಿರಲಿಲ್ಲ, ಅಣ್ಣ. ಹೆಗಲಾಗಲಿ ತಲೆಯಾಗಲಿ ಅಲುಗಿರಲಿಲ್ಲ. ನಿನ್ನ ಪತ್ರ ಬಂದ ಮೇಲೆ ಎರಡು ದಿನ ನಾನು ಮನೆಯಲ್ಲಿ ಹುಚ್ಚಿಯ ಹಾಗೆ ಅವನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ, ಡಬ್ಬ ಬಡಿದೆ, ಹೆಸರು ಹಿಡಿದು ಕೂಗಿದೆ. ಆಮೇಲೆ ಇವರಿಗೆ ಹೇಳಿದೆ. ಇವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, "ಯಾರು ಹೇಳಿದ್ದು?" ಅಂದರು. "ಯಾರೂ ಹೇಳಿಲ್ಲ, ನಾನೇ ನೋಡ್ದೆ." ಎದ್ದು ಕೆಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ ಅಂತ ಇಳಿದು ನೋಡಿದರೆ ಗಾಡಿಯ ಕೆಳಗೆ ಮಲಗಿದ್ದಾರೆ. ಎರಡು ಕಾಲು ಮಾತ್ರ ಕಾಣುತ್ತಿತ್ತು. ಕೈಯಲ್ಲಿ ಸ್ಪಾನರೂ ಇರಲಿಲ್ಲ. ಮಗನ ಮಾತು ಎತ್ತಿದರೆ ಗಾಡಿಗೆ ಓಡುತ್ತಾರಲ್ಲ ಅಂತ ಸಿಟ್ಟು ಬಂತು. ಆಸ್ಪತ್ರೆಗೆ ನಾನೇ ಫೋನ್ ಮಾಡಿ ದಿನ ಗೊತ್ತುಮಾಡಿದೆ.

ಇವರು ಸೈಲೆನ್ಸರ್ ಅಂಗಡಿಗೆ ಹೋಗಿ ನೀನು ಬರೆದದ್ದಕ್ಕೆ ಪೂರ್ತಿ ಉಲ್ಟಾ ಮಾಡಿಸಿಕೊಂಡು ಬಂದರು. ಪೆಟ್ಟಿಗೆ ದೊಡ್ಡದು, ಕೊಳವೆ ಉದ್ದ. "ಇದನ್ನ ಬಸ್ಸಿಗೆ ಹಾಕ್ತಾರೆ ಸ್ವಾಮಿ" ಅಂದನಂತೆ ಅಂಗಡಿಯವನು. "ಹಾಕಿ" ಅಂದರಂತೆ ಇವರು. ನನ್ನ ಸಿಟ್ಟು ಇಮ್ಮಡಿಯಾಯಿತು.

ಮಾರನೆಯ ದಿನ ಜಾವದಲ್ಲಿ ಗಾಡಿ ಶುರುವಾಯಿತು. ಅದು ಅರಚಲಿಲ್ಲ. ಹೇಗೆ ಹೇಳಲಿ? ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಗಂಟಲು ಸರಿಮಾಡಿಕೊಂಡ ಹಾಗೆ, ದುಂ ದುಂ ಅಂತ ಕೆಳಗಿನಿಂದ ಎದ್ದು ಬಂತು. ನಾನು ಅಭ್ಯಾಸಬಲದಿಂದ ಗುಂಡನ ಕಡೆ ತಿರುಗಿದೆ. ಕಣ್ಣು ಬಿಟ್ಟಿದ್ದಾನೆ! ಅಳುತ್ತಿಲ್ಲ. ಅಗಲವಾಗಿ ಕಣ್ಣು ಬಿಟ್ಟು, ಉಸಿರು ಹಿಡಿದು, ಇಡೀ ಮುಖವೇ ಕಿವಿಯಾದ ಹಾಗೆ ಮಲಗಿದ್ದಾನೆ. ನಾನು ಕಿಟಕಿಯಿಂದ ಕೂಗಿದೆ. ಇವರು ಎಂಜಿನ್ ನಿಲ್ಲಿಸಿದರು. ಗುಂಡ ನನ್ನ ಕಡೆ ನೋಡಿದ. ಮತ್ತೆ ಹಚ್ಚಿದರು. ಮತ್ತೆ ಉಸಿರು ಹಿಡಿದ. ಇವರು ಮೆಟ್ಟಿಲು ಹತ್ತಿ ಓಡಿಬಂದು ಮಂಚದ ಪಕ್ಕ ಮಂಡಿಯೂರಿ ಕೂತುಬಿಟ್ಟರು. ಅವತ್ತು ಅಂಗಡಿಗಳಿಗೆ ಬ್ರೆಡ್ ತಡವಾಯಿತು.

ಈಗ ಗೊತ್ತಾಯಿತಲ್ಲ, ಯಾಕೆ ದೊಡ್ಡ ಪೆಟ್ಟಿಗೆ ಅಂತ. "ದಪ್ಪ ದನಿ ಕೇಳುತ್ತೇನೋ ನೋಡೋಣ ಅನ್ನಿಸ್ತು" ಅಂದರು, ಅಷ್ಟೇ. ಸೇತುವೆ ಮತ್ತೆ ಎರಡನೇ ಗೇರಿಗೆ ಇಳಿದಿದೆ. ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಅತ್ತೆಗೆ ಆಸ್ಪತ್ರೆಯ ಸುದ್ದಿ ಹೇಗೋ ತಿಳಿದಿತ್ತು. "ನನ್ನ ಮೊಮ್ಮಗನಿಗೆ ಕಿವಿ ಕೇಳಲ್ಲ ಅಂದವರ ಬಾಯಿಗೆ ಮಣ್ಣು ಬೀಳ" ಅಂತ ನಿನ್ನನ್ನೂ ಸೇರಿಸಿ ಬೈದರು. ಆಸ್ಪತ್ರೆಗೆ ಫೋನ್ ಮಾಡಿ, ನಾವು ಬರುವುದಿಲ್ಲ ಅಂತ ಹೇಳಿಬಿಟ್ಟೆ. ಎಷ್ಟೋ ದಿನಗಳ ಮೇಲೆ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ನಿನ್ನ ಕುಳ್ಳಿ


ಫೆಬ್ರವರಿ 22
ಹಡಗಿನಿಂದ

ಕುಳ್ಳಿ,

ಮಂಚ ಯಾವುದು? ನನಗೆ ನೆನಪಿರುವಂತೆ ಕಬ್ಬಿಣದ್ದು. ಗೋಡೆಗೆ ತಾಗಿಸಿ ಹಾಕಿದ್ದೀರಿ. ಗೋಡೆಯ ಕೆಳಗೆ ಶೆಡ್ಡು, ಶೆಡ್ಡಿನಲ್ಲಿ ಗಾಡಿ. ಆ ದನಿ ಅವನ ಕಿವಿಗೆ ಹೋಯಿತೋ ಬೆನ್ನಿಗೆ ಹೋಯಿತೋ?

ನೀನು ಕುಣಿದಾಡುವಾಗ ಕಾಲೆಳೆಯುವುದು ನನಗೆ ಇಷ್ಟವಲ್ಲ. ಆದರೆ ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ಬೇರಿಂಗ್ ಕೆಟ್ಟರೆ ಅದು ಕೀಚುತ್ತದೆ ಅಂತ ಉಳಿದವರು ಹೇಳುತ್ತಾರೆ. ನಾನು ಅದನ್ನು ಬೂಟಿನ ಅಡಿಯಿಂದ ತಿಳಿಯುತ್ತೇನೆ. ಕಂಬಿಗೆ ಅಂಗೈ ಇಟ್ಟು ತಿಳಿಯುತ್ತೇನೆ. ಆ ಕೀಚು ನನ್ನ ಕಿವಿಗೆ ಬಿದ್ದು ಎಷ್ಟೋ ವರ್ಷವಾಯಿತು. ಯಾರಿಗೂ ಗೊತ್ತಾಗಿಲ್ಲ. ಮೈಯಿಂದ ಕೇಳುವವರು ಜಗತ್ತಿಗೆಲ್ಲ ಮೋಸ ಮಾಡಬಹುದು, ಹೆತ್ತ ತಾಯಿಗೂ.

ಹೀಗೆ ಮಾಡಿ. ಬಯಲಿಗೆ ಹೋಗಿ. ಲಾರಿ ಚಕ್ರದ ಟ್ಯೂಬಿಗೆ ಗಾಳಿ ತುಂಬಿ ಮಣ್ಣಿನ ಮೇಲಿಟ್ಟು, ಅದರ ಮೇಲೆ ದಪ್ಪ ಹಾಸಿಗೆ ಹಾಕಿ, ಅವನನ್ನು ಎತ್ತಿಕೊಂಡು ಕೂರು. ನೆಲದ ನಡುಕ ರಬ್ಬರ್ ದಾಟಿ ಬರುವುದಿಲ್ಲ. ಗಾಡಿ ಅವನ ಬೆನ್ನ ಹಿಂದೆ ದೂರದಲ್ಲಿರಲಿ. ಹೊಗೆಯ ವಾಸನೆ ಅವನ ಕಡೆ ಬೀಸಬಾರದು, ನೆರಳೂ ಬೀಳಬಾರದು. ನೀನು ಉಸಿರು ಹಿಡಿಯಬೇಡ. ನೀನು ಬಿಗಿಯಾದರೆ ಅವನಿಗೆ ತಿಳಿಯುತ್ತದೆ. ಎಂಜಿನ್ ಯಾವಾಗ ಹಚ್ಚುತ್ತಾರೆ ಅಂತ ನಿನಗೂ ಗೊತ್ತಾಗದಿದ್ದರೆ ಒಳ್ಳೆಯದು. ಕಿವಿಗೆ ಹತ್ತಿ ತುರುಕಿಕೋ.

ಫಲ ಏನೇ ಬರಲಿ, ಆಸ್ಪತ್ರೆಗೆ ಮತ್ತೆ ದಿನ ಕೇಳು. ಅತ್ತೆಯವರ ಮಣ್ಣು ನನ್ನ ಬಾಯಿಗೇ ಬೀಳಲಿ.

ಅಣ್ಣ


ಮಾರ್ಚ್ 3

ಅಣ್ಣ,

ನಿನ್ನ ಪತ್ರ ಓದಿ ಅದನ್ನು ಅಳಿಸಿಹಾಕೋಣ ಅನ್ನಿಸಿತ್ತು. ಇವರಿಗೆ ತೋರಿಸದೆ ಮೂರು ದಿನ ಇಟ್ಟುಕೊಂಡೆ. ಆಮೇಲೆ ತೋರಿಸಿದೆ. ಇವರು ಓದಿ, "ಟ್ಯೂಬ್ ಪಂಚರ್ ಅಂಗಡಿಯಲ್ಲಿ ಸಿಗುತ್ತೆ" ಅಂದರು.

ಭಾನುವಾರ ಊರಾಚೆಯ ಆಟದ ಬಯಲಿಗೆ ಹೋದೆವು. ಎದುರುಮನೆ ಮೇಷ್ಟ್ರೂ ಬಂದರು. ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಕ್ಕವರು, "ಗಾಡಿ ಈಗ ಅರಚ್ತಿಲ್ಲ, ಆದ್ರೆ ದಿನಾ ಐದೈದು ಸಲ ಯಾಕೆ ಹಚ್ತೀರಿ?" ಅಂತ ಕೇಳಿದ್ದಕ್ಕೆ ನನಗೆ ಅಳು ಬಂದು ಎಲ್ಲ ಹೇಳಿಬಿಟ್ಟೆ. ಅವರು ಮನೆಗೆ ಹೋಗಿ ಬಿಳಿ ಟವೆಲ್ ತಂದರು. ಬಯಲಿನ ಮಧ್ಯೆ ನಿಂತು, ಟವೆಲ್ ಎತ್ತಿ ಇವರಿಗೆ ಸನ್ನೆ ಮಾಡುವ ಕೆಲಸ ಅವರದ್ದು.

ನಾನು ಟ್ಯೂಬಿನ ಮೇಲೆ ಕೂತು ಗುಂಡನನ್ನು ಮಡಿಲಲ್ಲಿ ಕೂರಿಸಿಕೊಂಡೆ. ನನ್ನ ಕಿವಿಯಲ್ಲಿ ಹತ್ತಿ, ಅದರ ಮೇಲೆ ಅತ್ತೆಯ ಉಣ್ಣೆಯ ಶಾಲು ಬಿಗಿದದ್ದು. ಅತ್ತೆ ನಮ್ಮೆದುರು ಕೂತು ಗುಂಡನ ಮುಖ ನೋಡುತ್ತಿದ್ದರು. ಏನಾದರೂ ಆದರೆ ಅವರು ಕೈ ಎತ್ತಬೇಕು. ಬೈದವರೇ ಸಾಕ್ಷಿ.

ಗುಂಡ ತನ್ನ ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದ. ನಾನು ಅವನ ನೆತ್ತಿಯನ್ನೇ ನೋಡುತ್ತಿದ್ದೆ. ಅತ್ತೆ ಕೈ ಎತ್ತಲಿಲ್ಲ. ಮೇಷ್ಟ್ರ ಟವೆಲ್ ಎಷ್ಟು ಸಲ ಮೇಲೆ ಹೋಯಿತೋ ನನಗೆ ಕಾಣದು. ಅತ್ತೆಯ ಮುಖ ಮಾತ್ರ ಕಾಣುತ್ತಿತ್ತು. ಅದು ನಿಧಾನವಾಗಿ ಇಳಿಯುತ್ತಾ ಹೋಯಿತು. ಕೊನೆಗೆ ಅವರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ನಾನು ಹತ್ತಿ ಕಿತ್ತು ತಿರುಗಿ ನೋಡಿದರೆ, ಗಾಡಿ ದುಂ ದುಂ ಅನ್ನುತ್ತಲೇ ಇದೆ. ಇವನು ಮುಷ್ಟಿ ಚೀಪುತ್ತಲೇ ಇದ್ದಾನೆ.

ನೀನು ಹೇಳಿದ್ದೇ ನಿಜವಾಗಿತ್ತು. ಅವನಿಗೆ ಕೇಳಿಸಿದ್ದು ಮಂಚ.

ಇವರಿಗೆ ದೂರದಿಂದಲೇ ಗೊತ್ತಾಯಿತು. ಇಳಿದು ಬರಲಿಲ್ಲ. ಸ್ಟಿಯರಿಂಗಿಗೆ ಹಣೆ ಒರಗಿಸಿ ಕೂತರು. ಮೇಷ್ಟ್ರು ಟವೆಲ್ ಮಡಿಸತೊಡಗಿದರು. ಆಮೇಲೆ ಏನನ್ನಿಸಿತೋ, ಇವರು ಸುಮ್ಮನೆ ಆಕ್ಸಲರೇಟರ್ ಒತ್ತಿದರು. ಸಿಟ್ಟಿಗಲ್ಲ. ನಿಧಾನವಾಗಿ, ಕೊಳಾಯಿ ತಿರುಗಿಸಿದ ಹಾಗೆ. ದನಿ ಒಂದು ಎಳೆಯಾಗಿ ಸೇರಿಕೊಂಡು ತುಸು ಮೇಲೆ ಬಂತು. ಆಗ ಆ ದೊಡ್ಡ ಪೆಟ್ಟಿಗೆಯ ಒಳಗೆ ಏನೋ ತೆರೆದ ಹಾಗೆ, ಖಾಲಿ ಹಂಡೆಯ ಬಾಯಲ್ಲಿ ಯಾರೋ "ಓ" ಅಂದ ಹಾಗೆ, ಬಯಲಿಗೆ ಬಯಲೇ ತುಂಬಿಕೊಂಡಿತು. ಒಂದು ಕ್ಷಣ ಅಷ್ಟೇ. ಅದನ್ನು ದಾಟಿದರೆ ಮತ್ತೆ ಮಾಮೂಲು ಗಾಡಿ.

ಗುಂಡನ ಮುಷ್ಟಿ ಬಾಯಿಂದ ಈಚೆ ಬಂತು.

ಅತ್ತೆ ಕೈ ಎತ್ತಲಿಲ್ಲ, ಚೀರಿದರು. "ಮತ್ತೆ ಒತ್ತೋ! ಮತ್ತೆ ಅಲ್ಲೇ ಒತ್ತೋ!" ಇವರು ಮತ್ತೆ ಒತ್ತಿದರು. ಆ ಜಾಗ ಬಂದಾಗ ಗುಂಡ ತಲೆ ತಿರುಗಿಸಿದ. ನನ್ನ ತೋಳಿನ ಮೇಲಿಂದ, ಹೆಗಲಿನಾಚೆ, ಬೆನ್ನ ಹಿಂದೆ ದೂರದಲ್ಲಿ ನಿಂತಿದ್ದ ಗಾಡಿಯ ಕಡೆಗೆ! ನೆಲ ಇಲ್ಲ, ಗೋಡೆ ಇಲ್ಲ, ಮಂಚ ಇಲ್ಲ. ಬರೀ ಗಾಳಿ. ದನಿ ಆ ಜಾಗ ಬಿಟ್ಟ ಕೂಡಲೇ ಅವನಿಗೆ ಅದು ಕಳೆದುಹೋಯಿತು. ಎಲ್ಲಿ ಹೋಯಿತು ಅಂತ ನನ್ನ ಮುಖ ನೋಡಿದ.

ಹಳೇ ಗಾಡಿಯಲ್ಲಿ ಎಂಜಿನ್ ವೇಗ ತೋರಿಸುವ ಮುಳ್ಳಿಲ್ಲ. ಆದರೆ ಸರಿಯಾಗಿ ಆ ವೇಗಕ್ಕೆ ಬಂದಾಗ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಮುಚ್ಚಳ ಗಡಗಡ ನಡುಗುತ್ತದೆ ಅಂತ ಇವರು ಪತ್ತೆ ಹಚ್ಚಿದರು. ಮತ್ತೆ ಹತ್ತಿ, ಮತ್ತೆ ಶಾಲು, ಮತ್ತೆ ಟವೆಲ್. ಇವರು ಮುಚ್ಚಳದ ಮೇಲೆ ಬೆರಳಿಟ್ಟುಕೊಂಡು ಆಕ್ಸಲರೇಟರ್ ಒತ್ತುವುದು, ಅದು ನಡುಗಿದ ಗಳಿಗೆ ಅತ್ತೆ ಕೈ ಎತ್ತುವುದು. ಮುಚ್ಚಳ ನಡುಗದಿದ್ದರೆ ಕೈ ಇಲ್ಲ. ಕೊನೆಗೆ ಮೇಷ್ಟ್ರು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ನಿಂತುಬಿಟ್ಟರು. "ಸಾಕು ಕಣ್ರೀ, ಡೀಸೆಲ್ ಮುಗಿಯುತ್ತೆ" ಅಂದರು. ಡೀಸೆಲ್ ಇತ್ತು.

ನಾಲ್ಕು ಗೋಡೆಯ ಮನೆಗೆ ಒಂದೇ ಒಂದು ಸಂದು, ಬೆರಳು ತೂರುವಷ್ಟು. ಆ ಸಂದಿನ ಅಳತೆಯನ್ನು ತಗಡಿನ ಪೆಟ್ಟಿಗೆಯೊಂದು ಕಂಡುಹಿಡಿಯಿತು. ನಾನು ಇನ್ನೂ ಆ ಬಯಲಿನಲ್ಲೇ ಕೂತಿದ್ದೇನೆ ಅನ್ನಿಸುತ್ತದೆ.

ಆಸ್ಪತ್ರೆಗೆ ಮತ್ತೆ ದಿನ ಸಿಕ್ಕಿದೆ, ಈ ತಿಂಗಳ ಹನ್ನೆರಡು. ನಿನ್ನ ಪತ್ರದ ಒಂದು ಸಾಲು ನನ್ನನ್ನು ಕೊರೆಯುತ್ತಿದೆ. ಬೇರಿಂಗಿನ ಕೀಚು ನಿನಗೆ ಎಂದಿನಿಂದ ಕೇಳುತ್ತಿಲ್ಲ?

ಕುಳ್ಳಿ


ಮಾರ್ಚ್ 7
ಹಡಗಿನಿಂದ

ಪ್ರೀತಿಯ ಕುಳ್ಳಿ,

ಬಯಲಿನ ಪತ್ರವನ್ನು ಎಷ್ಟು ಸಲ ಓದಿದೆ ಅಂತ ಹೇಳುವುದಿಲ್ಲ, ನೀನು ಆಡಿಕೊಳ್ಳುತ್ತೀಯ. ಭಾವನ ಕೈ ಕುಲುಕಬೇಕು ಅನ್ನಿಸುತ್ತಿದೆ. ದೊಡ್ಡ ಪೆಟ್ಟಿಗೆ ಬೇಡ ಅಂದಿದ್ದೆನಲ್ಲ, ಎಂಥ ದಡ್ಡ ನಾನು. ಆ ಸೈಲೆನ್ಸರ್ ಬದಲಿಸಬೇಡಿ. ಎಳೆತ ಬೇಕಿದ್ದರೆ ಡೀಸೆಲ್ ಪಂಪಿನ ಟೈಮಿಂಗ್ ಒಂದು ಕೂದಲಿನಷ್ಟು ಮುಂದಕ್ಕೆ ಹಾಕಿಸಿ, ಸೇತುವೆಗೆ ಸಾಕಾಗುತ್ತದೆ. ಎಂಜಿನ್ನಿನಿಂದ ಹೊಗೆ ಹೊರಬೀಳುವ ಕಡೆ, ಮ್ಯಾನಿಫೋಲ್ಡ್ ಹತ್ತಿರ, ಗ್ಯಾಸ್ಕೆಟ್ ಸೋರುತ್ತಿದೆಯಾ ನೋಡಲು ಹೇಳು. ಸೋರಿದರೆ ದನಿಯೂ ಕೆಡುತ್ತದೆ.

ಹದಿಮೂರರ ಸಂಜೆ ನಮ್ಮ ಹಡಗು ದಡ ಸೇರುತ್ತದೆ. ಒಂದು ರಾತ್ರಿ ನಿಂತು ಬೆಳಿಗ್ಗೆ ಹೊರಡುತ್ತದೆ. ಆಮೇಲೆ ಮೂರು ವಾರ ಬರೀ ನೀರು.

ಎಂಜಿನ್ ರೂಮಿನವರ ಕಿವಿ ಎಲ್ಲರದ್ದೂ ಅಷ್ಟೇ, ಅದನ್ನು ಬಿಡು. ವರ್ಷಕ್ಕೊಮ್ಮೆ ಹಡಗಿನವರು ವೈದ್ಯಕೀಯ ಪರೀಕ್ಷೆ ಮಾಡುತ್ತಾರೆ, ನಾನು ಪಾಸಾಗುತ್ತೇನೆ. ಹೇಗೆ ಅಂತ ಕೇಳಬೇಡ. ಅದನ್ನು ಪತ್ರದಲ್ಲಿ ಬರೆಯಲು ಬರುವುದಿಲ್ಲ.

ಅಣ್ಣ


ಮಾರ್ಚ್ 13, ಸಂಜೆ

ಅಣ್ಣ,

ನಿನ್ನೆ ಪರೀಕ್ಷೆ ಆಯಿತು. ದಪ್ಪ ಬಾಗಿಲಿನ ಪುಟ್ಟ ಕೋಣೆ, ಗೋಡೆಗೆಲ್ಲ ಸ್ಪಂಜು. ಬಾಗಿಲು ಹಾಕಿದರೆ ನನ್ನ ಎದೆಬಡಿತ ನನಗೇ ಕೇಳಿಸುತ್ತಿತ್ತು. ಗುಂಡ ನನ್ನ ಮಡಿಲಲ್ಲಿ. ಗಾಜಿನಾಚೆ ಕೂತಿದ್ದ ಹುಡುಗಿ ಒಂದೊಂದೇ ದನಿ ಬಿಡುತ್ತಾ ಬಂದಳು. ಹಕ್ಕಿಯಂಥ ದನಿಗೆ ಇಲ್ಲ. ಮನುಷ್ಯರು ಮಾತಾಡುವ ಎತ್ತರಕ್ಕೂ ಇಲ್ಲ. ಅಂದರೆ, ಅಣ್ಣ, ನಾನು ಇಷ್ಟು ದಿನ ಹೇಳಿದ ಜೋಗುಳ ಒಂದೂ ಅವನಿಗೆ ತಲುಪಿಲ್ಲ. ಅವಳು ಇಳಿಯುತ್ತಾ ಇಳಿಯುತ್ತಾ ತೀರಾ ತಳಕ್ಕೆ ಬಂದು ದನಿ ಏರಿಸಿದಳು. ಗುಂಡ ತಿರುಗಿದ. ತಿರುಗಿದ್ದಕ್ಕೆ ಬಹುಮಾನವಾಗಿ, ಮೂಲೆಯ ಗಾಜಿನ ಪೆಟ್ಟಿಗೆಯೊಳಗಿನ ಗೊಂಬೆಗೆ ದೀಪ ಹತ್ತಿತು, ಅವನು ನಕ್ಕ. ದಪ್ಪ ದನಿ ಮಾತ್ರ ಕೇಳುತ್ತದೆ ಅಂತ ಇವರು ಮೊದಲೇ ಅವಳಿಗೆ ಹೇಳಿದ್ದರು. ಅವಳು ಹೊರಗೆ ಬಂದು, "ಇಷ್ಟು ಸಣ್ಣ ಮಗುವಿಗೆ ಈ ದನಿ ಮಾತ್ರ ಕೇಳುತ್ತೆ ಅಂತ ನಿಮಗೆ ಮುಂಚೆಯೇ ಹೇಗೆ ಗೊತ್ತಾಯ್ತು?" ಅಂತ ಕೇಳಿದಳು. ಇವರು, "ಗಾಡಿ ಹೇಳ್ತು" ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಹೂಂ ಅಂದೆ.

ಆಮೇಲೆ ದೊಡ್ಡ ಡಾಕ್ಟರು ಕರೆದರು. ಮಗುವಿನ ಕಿವಿಗೆ ಯಂತ್ರ ಹಾಕುವುದು ಖಂಡಿತ, ಆದರೆ ಯಾವ ಥರದ್ದು, ಆಪರೇಷನ್ ಈಗಲೋ ಆಮೇಲೋ ಅನ್ನುವುದಕ್ಕೆ ಒಂದು ಮಾತು ಗೊತ್ತಾಗಬೇಕು ಅಂದರು. ಇರುವ ಈ ಕೆಳದನಿ ಉಳಿಯುವಂಥದ್ದೋ, ದಿನ ಕಳೆದಂತೆ ಕರಗುವಂಥದ್ದೋ? ಅದನ್ನು ಮಗು ಹೇಳಲಾರದು, ಮನೆತನ ಹೇಳಬೇಕು. "ತಾಯಿಯ ಕಡೆ ಯಾರಿಗಾದರೂ ಹೀಗಿದೆಯಾ?" ಅತ್ತೆ ಬಾಯಿ ತೆರೆಯುವ ಮುಂಚೆ, "ವಿಚಾರಿಸಿ ಹೇಳ್ತೀನಿ" ಅಂದುಬಿಟ್ಟೆ. ನಾಳೆ ಒಂಬತ್ತಕ್ಕೆ ಅವರ ಮುಂದೆ ಕೂರಬೇಕು.

ಎಂಜಿನ್ ರೂಮಿನವರೆಲ್ಲ ಹಾಗೇ ಅಂತ ನೀನು ಬರೆದೆ. ನಾನೂ ನಂಬುತ್ತಿದ್ದೆ. ಆದರೆ ನಿನ್ನೆಯಿಂದ ನನಗೆ ನಮ್ಮ ಹಳೇ ಮನೆಯ ಹಿತ್ತಿಲೇ ಕಣ್ಣ ಮುಂದೆ ಬರುತ್ತಿದೆ. ಕತ್ತಲಾದರೆ ಜೀರುಂಡೆಗಳು ಕಿವಿ ತೂತು ಬೀಳುವ ಹಾಗೆ ಕೂಗುತ್ತಿದ್ದವು. ನಾನು ಕಿವಿ ಮುಚ್ಚಿಕೊಂಡು ಒದ್ದಾಡಿದರೆ ನೀನು ಚಾಪೆಯ ಮೇಲೆ ಮಲಗಿ, "ಯಾವ ಜೀರುಂಡೆ? ಸುಮ್ನೆ ಮಲಗೇ ಕುಳ್ಳಿ" ಅನ್ನುತ್ತಿದ್ದೆ. ನಾನು ಅದನ್ನು ನಿನ್ನ ತಮಾಷೆ ಅಂದುಕೊಂಡು ಬೆಳೆದೆ. ನೀನಾಗ ಹಡಗು ಅಂದರೆ ಚಿತ್ರದಲ್ಲಿ ಮಾತ್ರ ನೋಡಿದ್ದವನು.

ಅಣ್ಣ, ನಿನಗೆ ಆಗಲೇ ಕೇಳುತ್ತಿರಲಿಲ್ಲವಾ? ಚಿಕ್ಕಂದಿನಿಂದಲೇ ಹೀಗಾ, ಹಡಗು ಸೇರಿದ ಮೇಲೆ ಹೀಗಾ? ಮತ್ತೆ ಇನ್ನೊಂದು. ನಿಮ್ಮ ಹಡಗಿನ ಆ ದೊಡ್ಡ ಎಂಜಿನ್ನಿನ ಕೆಳದನಿ ನಿನ್ನ ಕಿವಿಗೆ ಇವತ್ತೂ ಬೀಳುತ್ತದಾ? ಬೂಟಿನಿಂದಲ್ಲ, ಕಿವಿಯಿಂದ. ಬಿದ್ದರೆ, ಇಷ್ಟು ವರ್ಷವೂ ಅದು ನಿನ್ನನ್ನು ಬಿಟ್ಟುಹೋಗಿಲ್ಲ ಅಂದರೆ, ನನ್ನ ಗುಂಡನನ್ನೂ ಬಿಟ್ಟುಹೋಗದೇನೋ. ನಾನು ಕೇಳುತ್ತಿರುವುದು ಇವೆರಡೇ.

ಇದು ನಿನ್ನ ನೌಕರಿಯ ವಿಷಯ ಅಂತ ನನಗೆ ಗೊತ್ತು. ಹಡಗಿನವರಿಗೆ ತಿಳಿಯಬಾರದು ಅಂತ ಎಷ್ಟು ಜೋಪಾನವಾಗಿ ಬದುಕಿದ್ದೀಯೋ. ನಾನು ಡಾಕ್ಟರ ಹತ್ತಿರ ನಿನ್ನ ಹೆಸರಾಗಲಿ ಕೆಲಸವಾಗಲಿ ಹೇಳುವುದಿಲ್ಲ, ನನ್ನ ಒಡಹುಟ್ಟಿದವರೊಬ್ಬರು ಅಂತ ಮಾತ್ರ. ಮಾತು ಮೀಸೆ ದಾಟದಂತೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು, ಮೀಸೆ ಇಲ್ಲದಿದ್ದರೂ.

ಪತ್ರದಲ್ಲಿ ಬರೆಯಲು ಬರುವುದಿಲ್ಲ ಅಂದೆಯಲ್ಲ, ಬರೆಯಬೇಡ. ಬರೆಯಲು ಕೂತರೆ ನೀನು ಗ್ಯಾಸ್ಕೆಟ್ಟಿಗೆ ಹಾರುತ್ತೀಯ. ಇವತ್ತು ರಾತ್ರಿ ನೀನು ದಡದಲ್ಲಿದ್ದೀಯ, ಫೋನ್ ಮಾಡು. ನನ್ನ ಮಾತು ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ ಅಂತ ಈಗ ನನಗೆ ಗೊತ್ತು. ಕೇಳಿಸದಿದ್ದರೆ ಬೇಡ. ನಾನು ಏನೂ ಕೇಳುವುದಿಲ್ಲ, ಕೇಳಬೇಕಾದ್ದನ್ನು ಇಲ್ಲೇ ಬರೆದಿದ್ದೇನೆ. ನಿನ್ನ ಫೋನಿನ ಪರದೆಯಲ್ಲಿ ಸೆಕೆಂಡು ಓಡತೊಡಗಿದ ಮೇಲೆ ಫೋನ್ ನನ್ನ ಕೈಯಲ್ಲಿದೆ ಅಂತ ತಿಳಿದುಕೊಂಡು ನೀನು ಮಾತಾಡಿಕೊಂಡು ಹೋಗು. ನಾನು ಕಾಗದ ಪೆನ್ನು ಇಟ್ಟುಕೊಂಡು ಬರೆದುಕೊಳ್ಳುತ್ತೇನೆ. ಮುಗಿದ ಮೇಲೆ ನೀನೇ ಇಡು. ನಾನು ಅಳುತ್ತಿದ್ದರೂ ನಿನಗೆ ತಿಳಿಯುವುದಿಲ್ಲ, ಅದೂ ಒಳ್ಳೆಯದೇ.

ಹನ್ನೆರಡಾಗಲಿ, ಎರಡಾಗಲಿ, ಇವರು ಗಾಡಿ ಹಚ್ಚುವ ಹೊತ್ತಾಗಲಿ. ನಾನು ಎದ್ದಿರುತ್ತೇನೆ, ನನಗೆ ಹೇಗೂ ನಿದ್ದೆಯಿಲ್ಲ. ಬೆಳಗಾಗುವುದರೊಳಗೆ ಫೋನ್ ಮಾಡು ಅಣ್ಣ. ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡು.